ಐದನೆಯ ಸುರುಳಿಗೆ ಮೈನಸ್

ಆ ಸಂಶೋಧನಾ ಕೇಂದ್ರದಲ್ಲಿ ಗೇಟು ಕಾಯುವವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವಳು ಸುರುಳಿಯಕ್ಕ. ತಂತಿಯ ಸುರುಳಿಗಳಿಗೆ ಕರೆಂಟು ಬಿಡುವ ಮೇಜಿನ ಮುಂದೆ ಕೂತು ಕೂತೇ ತಲೆ ಬೆಳ್ಳಗಾದವಳು. ಅವಳ ಗಂಡನಿಗೂ ಅಲ್ಲೇ ಕೆಲಸ, ಯಂತ್ರದ ಹಾಲ್‌ನಲ್ಲಿ ಕೇಬಲ್ ಜೋಡಿಸುವುದು. ಅಕ್ಕನ ಗಂಡ ಭಾವನಲ್ಲದೆ ಇನ್ನೇನು? ಹಾಗಾಗಿ ಅವನು ಎಲ್ಲರಿಗೂ ಭಾವ. ನಿರ್ದೇಶಕರು ವಯಸ್ಸಿನಲ್ಲಿ ಅವನಿಗಿಂತ ಹಿರಿಯರು; ಅವರೂ ಒಮ್ಮೆ ಅತಿಥಿಗಳ ಮುಂದೆ ಬಾಯ್ತಪ್ಪಿ "ಭಾವನ್ನ ಕರೀರಿ" ಅಂದು, ಕೆಮ್ಮಿ, ಮಾತು ಬದಲಿಸಿದ್ದುಂಟು.

ಯಂತ್ರದ ಬಗ್ಗೆ ಒಂದು ಮಾತು ಹೇಳದೆ ಇವರ ಕಥೆ ಮುಂದೆ ಹೋಗುವುದಿಲ್ಲ. ಮೂರು ಮಹಡಿ ಎತ್ತರದ ಹಾಲ್‌ನ ನಡುವೆ ಉಕ್ಕಿನ ದೊಡ್ಡದೊಂದು ಬಳೆ ಇದೆ. ಬಳೆಯಾದರೂ ನೆಟ್ಟಗಿದೆಯೇ ಎಂದರೆ ಅದೂ ಇಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ಉದ್ದಕ್ಕೂ ತಿರುಚಿಕೊಂಡಿದೆ. ಅದನ್ನು ಸುತ್ತಿದ ದೊಡ್ಡ ಸುರುಳಿಗಳೂ ಒಂದೊಂದು ಒಂದೊಂದು ಥರ ಸೊಟ್ಟ. ಒಳಗೆ ಸೂರ್ಯನ ಹೊಟ್ಟೆಗಿಂತ ಬಿಸಿಯಾದ ಅನಿಲ. ಅಂಥ ಬಿಸಿಯನ್ನು ತಡೆಯುವ ಪಾತ್ರೆ ಭೂಮಿಯ ಮೇಲಿಲ್ಲ, ಅದಕ್ಕೇ ಗೋಡೆಗೆ ತಾಗದಂತೆ ಕಾಂತಶಕ್ತಿಯಲ್ಲಿ ತೇಲಿಸಿ ಇಡುತ್ತಾರೆ. ಸುರುಳಿಗಳಲ್ಲಿ ಕರೆಂಟು ಹರಿದರೆ ಕಣ್ಣಿಗೆ ಕಾಣದ ಕಾಂತರೇಖೆಗಳು ಬಳೆಯೊಳಗೆ ಸುತ್ತು ಹಾಕುತ್ತಾ, ಈರುಳ್ಳಿಯ ಹಾಗೆ ಪದರದೊಳಗೆ ಪದರ ಕಟ್ಟುತ್ತವೆ. ಬಿಸಿ ಆ ಪದರಗಳ ಒಳಗೆ ಉಳಿಯುತ್ತದೆ.

ಆದರೆ ಈರುಳ್ಳಿಗಿರುವಷ್ಟು ಮರ್ಯಾದೆ ಕಾಂತರೇಖೆಗಿಲ್ಲ. ಯಾವ ಪದರದಲ್ಲಿ ರೇಖೆ ಒಂದಷ್ಟು ಸುತ್ತು ಬಂದು ತನ್ನ ಬಾಲವನ್ನು ತಾನೇ ಹಿಡಿಯುತ್ತದೋ, ಅಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಸಾಕು, ಪದರ ಒಡೆದು ತುಂಡುತುಂಡಾಗಿ ಸುತ್ತಿಕೊಳ್ಳುತ್ತದೆ. ವಿಜ್ಞಾನಿಗಳು ಅದನ್ನು ದ್ವೀಪ ಎನ್ನುತ್ತಾರೆ. ದ್ವೀಪ ಅಂದ ಕೂಡಲೇ ನೀರು, ಮರಳು, ದೋಣಿ ಎಂದುಕೊಳ್ಳಬೇಡಿ. ಅಲ್ಲಿ ಸಿಕ್ಕಿದ ರೇಖೆ ಹೊರಗೆ ಬಾರದೆ ತನ್ನ ಸುತ್ತ ತಾನೇ ಗಿರಕಿ ಹೊಡೆಯುತ್ತದೆ, ಅಷ್ಟೆ. ನಡುಭಾಗದಲ್ಲಿ ಇಂಥದ್ದು ಎದ್ದರೆ ಬಿಸಿ ಸೋರಿಹೋಗುತ್ತದೆ. ಅಂಚಿನಲ್ಲಿ ಮಾತ್ರ ಬೇಕೆಂದೇ ಐದು ದ್ವೀಪ ಎಬ್ಬಿಸುತ್ತಾರೆ. ಒಲೆಗೆ ಹೊಗೆಗೂಡು ಇದ್ದ ಹಾಗೆ, ಒಳಗಿಂದ ಬಂದ ಬಿಸಿಯನ್ನು ಅವು ಗೋಡೆಯ ಬಳಿ ಕಾದಿರುವ ಗಟ್ಟಿ ಫಲಕಗಳಿಗೆ ಮುಟ್ಟಿಸುತ್ತವೆ.

ಐದೂ ಒಂದೇ ಗಾತ್ರ ಇರಬೇಕು. ಇರುವುದಿಲ್ಲ. ದೊಡ್ಡ ಸುರುಳಿಗಳನ್ನು ಕೂರಿಸುವಾಗ ಎಲ್ಲೋ ಒಂದು ಚೂರು ಆಚೀಚೆ ಆಗಿಯೇ ಇರುತ್ತದೆ. ಅದರಿಂದ ಒಂದು ದ್ವೀಪ ಉಬ್ಬುತ್ತದೆ, ಇನ್ನೊಂದು ಸೊರಗುತ್ತದೆ. ಉಬ್ಬಿದ ಕಡೆಯ ಫಲಕಕ್ಕೆ ಬಿಸಿಯೆಲ್ಲ ಬೀಳುತ್ತದೆ. ಇದನ್ನು ತಿದ್ದಲು ಬಳೆಯ ಹೊರಗೆ ಐದು ಚಪ್ಪಟೆ ಸುರುಳಿಗಳಿವೆ. ಕರೆಂಟು ಒಂದು ದಿಕ್ಕಿಗೆ ಹರಿದರೆ ಒತ್ತುತ್ತವೆ, ತಿರುಗಿಸಿದರೆ ಎಳೆಯುತ್ತವೆ. ಎಲ್ಲಿ ಎಷ್ಟು ಒತ್ತಬೇಕು, ಎಷ್ಟು ಎಳೆಯಬೇಕು ಎಂದು ವಿಜ್ಞಾನಿಗಳು ಲೆಕ್ಕ ಕೊಡುತ್ತಾರೆ, ಸುರುಳಿಯಕ್ಕ ಬಿಡುತ್ತಾಳೆ. ಐದು ಜನ ವಾರಗಿತ್ತಿಯರ ನಡುವೆ ಪಂಚಾಯ್ತಿ ಮಾಡುವ ಕೆಲಸ. ಯಾರಿಗೂ ಹೆಚ್ಚಾಗಬಾರದು, ಯಾರಿಗೂ ಕಡಿಮೆಯಾಗಬಾರದು, ಕೊನೆಗೆ ಬೈಸಿಕೊಳ್ಳುವವಳು ಪಂಚಾಯ್ತಿಗೆ ಕೂತವಳು.

ಈ ಐದರಲ್ಲಿ ಐದನೆಯದಕ್ಕೆ ಒಂದು ಐಬಿತ್ತು. ಯಂತ್ರ ಕಟ್ಟುವ ಗಡಿಬಿಡಿಯಲ್ಲಿ ಯಾರೋ ಅದರ ಎರಡು ಕೇಬಲ್‌ಗಳನ್ನು ಅದಲು ಬದಲು ಬಿಗಿದಿದ್ದರು. ಗೊತ್ತಾಗುವ ಹೊತ್ತಿಗೆ ಆ ಜಾಗದ ಮೇಲೆ ಪಂಪು ನಿಲ್ಲಿಸುವ ಅಟ್ಟ ಎದ್ದುಬಿಟ್ಟಿತ್ತು. ಅಟ್ಟ ಬಿಚ್ಚುವವರು ಯಾರು? ಮೇಜಿನ ಮುಂದೆ ಆಗ ಕೂರುತ್ತಿದ್ದ ಮುದುಕ ಸುಲಭದ ದಾರಿ ಹಿಡಿದ: ವಿಜ್ಞಾನಿಗಳು ಪ್ಲಸ್ ಕೇಳಿದರೆ ಐದನೆಯದಕ್ಕೆ ಮಾತ್ರ ಮೈನಸ್ ಒತ್ತುವುದು. ಎರಡು ತಪ್ಪು ಸೇರಿ ಒಂದು ಸರಿ. ವಿಜ್ಞಾನಿಗಳಿಗೆ ಬೇಕಾದ ದ್ವೀಪ ಬಂತು, ಯಾರೂ ಕೇಳಲಿಲ್ಲ. ನಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಆ ಮೈನಸ್ ಮೇಜಿನವರ ಬಾಯಿಂದ ಬಾಯಿಗೆ ಮಾತ್ರ ಬಂದ ವಿದ್ಯೆ, ಅಜ್ಜಿ ಔಷಧದ ಹಾಗೆ.

ಮುದುಕ ಇವಳಿಗೆ ಕೆಲಸ ಕಲಿಸುವಾಗ ಇನ್ನೊಂದನ್ನೂ ಕಲಿಸಿದ್ದ. ಹಾಲ್‌ನಿಂದ ಮೇಜಿಗೆ, ಮೇಜಿನಿಂದ ಹಾಲ್‌ಗೆ ಮೈಕಿನಲ್ಲಿ ಏನು ಹೇಳಿದರೂ ಕೇಳಿದವರು ಅದನ್ನೇ ತಿರುಗಿ ಹೇಳಬೇಕು. ಹೇಳಿದವರು "ಸರಿ" ಅನ್ನಬೇಕು. ಆಮೇಲೇ ಕೈ ಮುಂದೆ ಹೋಗಬೇಕು.

"ಹೂಂ ಅಂದ್ರೆ ಕೇಳಿಸ್ತು ಅಂತಲ್ಲಮ್ಮ. ನಿದ್ದೇಲೂ ಹೂಂ ಅಂತಾರೆ. ತಿರುಗಿ ಹೇಳಿದ್ರೇನೇ ಕೇಳಿಸಿದ ಲೆಕ್ಕ" ಎನ್ನುತ್ತಿದ್ದ.

ಇಷ್ಟು ವರ್ಷದಲ್ಲಿ ಮೈಕಿನ ಮುಂದೆ ಸುರುಳಿಯಕ್ಕ ಒಂದು ದಿನವೂ ಹೂಂ ಅಂದವಳಲ್ಲ. ಅವಳ ಹೂಂಗಳೆಲ್ಲ ಮನೆಗೆ ಉಳಿದವು.

ಭಾವನಿಗೆ ಕಿವಿ ಹೋಗುತ್ತಿತ್ತು. ಪಂಪುಗಳ ಮಧ್ಯೆ ಜೀವಮಾನ ಕಳೆದವನಿಗೆ ಇನ್ನೇನಾಗಬೇಕು! ಎಡಕಿವಿ ಪೂರ್ತಿ ಹೋಗಿತ್ತು, ಬಲಕಿವಿ ಮನಸ್ಸಿದ್ದಾಗ ಕೆಲಸ ಮಾಡುತ್ತಿತ್ತು. ಮಗಳು ತಂದುಕೊಟ್ಟ ಕಿವಿಯ ಮಿಷನ್ನು ಹಾಲ್‌ನಲ್ಲಿ ಗುಂಯ್‌ಗುಟ್ಟುತ್ತದೆ ಎಂದು ತೆಗೆದಿಟ್ಟವನು ಮನೆಯಲ್ಲೂ ಹಾಕಲಿಲ್ಲ. ಮೊದಮೊದಲು ಅವಳು ಎರಡು ಸಲ ಹೇಳಿದಳು, ಆಮೇಲೆ ಮೂರು ಸಲ, ಆಮೇಲೆ ಕೂಗಿದಳು. ಕೂಗಿ ಹೇಳಿದ ಮಾತು ಎಷ್ಟು ಒಳ್ಳೆಯದಿದ್ದರೂ ಬೈಗುಳದ ಹಾಗೇ ಕೇಳಿಸುತ್ತದೆ. "ಊಟಕ್ಕೆ ಬನ್ನಿ" ಅನ್ನುವುದಕ್ಕೆ ಪಕ್ಕದ ಮನೆಯ ಬಾಗಿಲು ತೆರೆಯುತ್ತಿತ್ತು. ದಿನವಿಡೀ ಮೈಕಿನಲ್ಲಿ ಹೇಳಿದ್ದನ್ನೇ ಹೇಳಿ, ಕೇಳಿದ್ದನ್ನೇ ಹೇಳಿ ಬಂದವಳಿಗೆ ಮನೆಯಲ್ಲೂ ಅದೇ ಹಾಡು. ದಣಿದಳು. ಮೊದಲು ಬೇಡದ ಮಾತು ಬಿಟ್ಟಳು, ಆಮೇಲೆ ಬೇಕಾದ ಮಾತನ್ನೂ ಬಿಟ್ಟಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದ್ದು ಜಗಳವೇ ಅಲ್ಲವಲ್ಲ, ಉಂಡು ಮಲಗಿದರೆ ಮುಗಿಯುವುದಕ್ಕೆ! ಭಾವ ಮಾತ್ರ ಮಾತು ಬಿಡಲಿಲ್ಲ. ಊಟಕ್ಕೆ ಕೂತಾಗ ಹಾಲ್‌ನ ಸುದ್ದಿ ಹೇಳುತ್ತಲೇ ಇರುತ್ತಿದ್ದ, ಸ್ವಲ್ಪ ಜೋರಾಗಿ, ಒಂದೇ ಏರಿಳಿತದಲ್ಲಿ. ಅವಳ ಗಮನ ಎಲ್ಲೋ ಇರುತ್ತಿತ್ತು. ಅವನು ಮಾತು ನಿಲ್ಲಿಸಿದ್ದು ಗೊತ್ತಾದಾಗ ತಲೆ ಎತ್ತಿ "ಹೂಂ" ಅನ್ನುತ್ತಿದ್ದಳು. ಅವಳ ತುಟಿ ಆಡಿದ್ದು ನೋಡಿ ಅವನಿಗೆ ಸಮಾಧಾನವಾಗುತ್ತಿತ್ತು. ಇಬ್ಬರಲ್ಲಿ ಯಾರು ಕಿವುಡರು ಎಂದು ಮೂರನೆಯವರು ಬಂದು ನೋಡಿದ್ದರೆ ಹೇಳುವುದು ಕಷ್ಟವಿತ್ತು.

ಅವನ ಕಿವಿಯ ವಿಷಯ ಮುಖ್ಯ ಎಂಜಿನಿಯರ್‌ಗೂ ಗೊತ್ತಿತ್ತು. ಕೆಟ್ಟ ಮನುಷ್ಯನಲ್ಲ ಆತ, ಆದರೆ ಹಾಲ್‌ನಲ್ಲಿ ಎಚ್ಚರಿಕೆಯ ಗಂಟೆ ಕೇಳದವನನ್ನು ಇಟ್ಟುಕೊಳ್ಳಲು ಭಯ. "ಇನ್ನೊಂದು ಎಡವಟ್ಟಾದ್ರೆ ಸ್ಟೋರಿಗೆ ಕಳಿಸ್ತೀನಿ" ಎಂದು ಎಲ್ಲರೆದುರು ಹೇಳಿದ್ದ. ಸ್ಟೋರೆಂದರೆ ಕಿಟಕಿಯಿಲ್ಲದ ಕೋಣೆ, ಬೋಲ್ಟು, ತೊಳೆದ ಕೈಗವಸು. ಭಾವನಿಗೆ ಆ ಸೊಟ್ಟ ಬಳೆಯ ಹತ್ತಿರ ನಿಲ್ಲುವುದೇ ಬದುಕು. ಮನೆಯಲ್ಲಿ ಕಿವುಡ, ಅಲ್ಲಿ ಭಾವ. ಅದು ಹೋದರೆ ಅವನ ಹತ್ತಿರ ಇನ್ನೇನೂ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆ ಸಲ ಯಂತ್ರ ನಿಲ್ಲಿಸಿದಾಗ ಪಂಪು ಬದಲಿಸಲೆಂದು ಅಟ್ಟವನ್ನೇ ಬಿಚ್ಚಿದರು. ಕೆಳಗೆ ಐದನೆಯ ಸುರುಳಿಯ ಕೇಬಲ್ ಬಾಯಿ ಕಂಡಿತು. ಭಾವ ನಕ್ಷೆ ತಾಳೆ ನೋಡಿ, ಇಷ್ಟು ವರ್ಷ ಅದಲು ಬದಲಾಗಿದ್ದದ್ದನ್ನು ಬಿಚ್ಚಿ, ಉಜ್ಜಿ, ಸರಿಯಾಗಿ ಬಿಗಿದ. "ನಕ್ಷೆಯಂತೆ ಜೋಡಿಸಿದೆ" ಎಂದು ಕಾಗದ ಕೊಟ್ಟ. ಓದಿದವರಿಗೆ ಅದರಲ್ಲಿ ಸುದ್ದಿಯೇನೂ ಇರಲಿಲ್ಲ; ನಕ್ಷೆಯಂತೆ ಇರಲೇಬೇಕಲ್ಲ! ಆ ಮಾತಿನ ಅರ್ಥ ಗೊತ್ತಿದ್ದದ್ದು ಮೈನಸ್ ಒತ್ತುವವರಿಗೆ ಮಾತ್ರ. ಹೆಂಡತಿ ಒತ್ತುವ ಮೈನಸ್ಸಿನ ವಿಷಯ ಭಾವನಿಗೂ ಗೊತ್ತಿತ್ತು. ಮೈಕು ಆ ದಿನಗಳಲ್ಲಿ ಬಂದ್ ಆಗಿತ್ತು. ಮನೆಯಲ್ಲೇ ಹೇಳಿದರಾಯಿತು, ಮೇಜಿನವಳು ಮನೆಯಲ್ಲೇ ಇದ್ದಾಳಲ್ಲ ಎಂದುಕೊಂಡ.

ಹೇಳಿಯೂ ಹೇಳಿದ. ಅಡುಗೆಮನೆಯ ಸಣ್ಣ ಮೇಜಿಗೆ ಎದುರುಬದುರು ಕೂತಿದ್ದರು. ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳಿಗೆ ಆ ಸದ್ದು ತಲೆಯೊಳಗೆ ಮೊಳೆ ಹೊಡೆದ ಹಾಗಾಗುತ್ತಿತ್ತು, ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ಆ ಹೊತ್ತು ಅವನು ಹೇಳಿದ್ದನ್ನು ಅವಳಂತೂ ಕೇಳಲಿಲ್ಲ, ನಾನಾದರೂ ಹೇಳಿಬಿಡುತ್ತೇನೆ.

"ಐದನೇದನ್ನ ಸರಿ ಮಾಡಿಬಿಟ್ಟೆ ಕಣೇ ಇವತ್ತು. ಇನ್ಮೇಲೆ ನಿನ್ನ ಮೈನಸ್ ಬೇಕಿಲ್ಲ. ಎಲ್ಲಕ್ಕೂ ಒತ್ತಿದ ಹಾಗೇ ಅದಕ್ಕೂ ಒತ್ತು" ಎಂದ. ಚಮಚ ಹಿಡಿದ ಕೈಯನ್ನು ಮಣಿಕಟ್ಟಿನಲ್ಲಿ ಹೀಗೆ ತಿರುಗಿಸಿ ತೋರಿಸಿದ.

ಅವಳು ನಲ್ಲಿ ನೋಡುತ್ತಿದ್ದಳು. ಕೈ ತಿರುಗಿದ್ದು ಕಂಡಿತು. ನಲ್ಲಿ ತಿರುಗಿಸಬೇಕು ಅಂತಿದ್ದಾರೆ, ಇಷ್ಟು ದಿನಕ್ಕೆ ಕಣ್ಣಿಗೆ ಬಿತ್ತಲ್ಲ ಎಂದುಕೊಂಡಳು.

"ಹೂಂ" ಎಂದಳು.

ಯಂತ್ರ ಮತ್ತೆ ಶುರುವಾದಾಗ ಎಲ್ಲರಿಗೂ ಅವಸರ. ಹೊರಗಿನಿಂದ ದೊಡ್ಡವರು ನೋಡಲು ಬರುವವರಿದ್ದರು. ದೊಡ್ಡವರು ಬರುತ್ತಾರೆಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಗೋಡೆಗೆ ಬಣ್ಣ, ಕೊನೆಗೆ ನೆನಪಾಗುವುದು ಪರೀಕ್ಷೆ. ಬಿಸಿ ಏರಿಸುವ ಮುಂಚೆ ಕಾಂತರೇಖೆಗಳ ಚಿತ್ರ ತೆಗೆದು ನೋಡುವ ಪದ್ಧತಿಯಿತ್ತು. ಅದನ್ನು "ಆಮೇಲೆ ನೋಡೋಣ" ಎಂದು ಮುಂದೂಡಿದರು. ವಿಜ್ಞಾನಿಗಳು ಐದಕ್ಕೂ ಲೆಕ್ಕ ಕೊಟ್ಟರು. ಸುರುಳಿಯಕ್ಕ ಒಂದೊಂದನ್ನೇ ತಿರುಗಿ ಹೇಳಿ ಒಪ್ಪಿಸಿದಳು. ಐದನೆಯದಕ್ಕೆ ಬೆರಳು ತಾನಾಗಿಯೇ ಮೈನಸ್ ಒತ್ತಿತು.

ಮಧ್ಯಾಹ್ನದ ಹೊತ್ತಿಗೆ ಬಿಸಿ ನೋಡುವ ಕ್ಯಾಮೆರಾದಲ್ಲಿ ಒಂದೇ ಒಂದು ಫಲಕ ಬೆಳ್ಳಗೆ ಹೊಳೆಯಿತು. ಉಳಿದವು ಕಪ್ಪಗೇ ಇದ್ದವು. ಯಾರೋ ಕೂಗಿದರು, ಯಂತ್ರ ತನ್ನಷ್ಟಕ್ಕೆ ತಾನೇ ಆರಿತು. ಅಷ್ಟರಲ್ಲಿ ಫಲಕದ ಅಂಚು ಸೀಳಿಬಿಟ್ಟಿತ್ತು. ಅದನ್ನು ಬದಲಿಸಬೇಕೆಂದರೆ ಬಳೆ ತೆರೆಯಬೇಕು, ತೆರೆಯಬೇಕೆಂದರೆ ತಿಂಗಳುಗಟ್ಟಲೆ ಕೆಲಸ ನಿಲ್ಲಬೇಕು. ದೊಡ್ಡವರು ಹೊಸ ಬಣ್ಣದ ಗೋಡೆ ನೋಡಿಕೊಂಡು ವಾಪಸಾದರು.

ಆಗ ತೆಗೆದರು ಚಿತ್ರ. ಅದನ್ನು ತೆಗೆಯುವ ಬಗೆ ಚೆಂದ. ಖಾಲಿ ಬಳೆಯೊಳಗೆ ಎಲೆಕ್ಟ್ರಾನುಗಳ ಸಣ್ಣ ಎಳೆಯೊಂದನ್ನು ಬಿಡುತ್ತಾರೆ. ಅದು ಕಾಂತರೇಖೆಯನ್ನೇ ಹಿಡಿದುಕೊಂಡು ಸುತ್ತುತ್ತದೆ. ದಾರಿಯಲ್ಲಿ ಹೊಳೆಯುವ ಪುಡಿ ಬಳಿದ ಕಡ್ಡಿಯೊಂದು ನಿಧಾನವಾಗಿ ಬೀಸುತ್ತದೆ. ಎಳೆ ತಾಗಿದಲ್ಲೆಲ್ಲ ಒಂದು ಚುಕ್ಕಿ. ಕ್ಯಾಮೆರಾ ಎಲ್ಲ ಚುಕ್ಕಿಗಳನ್ನು ಕೂಡಿಸಿಟ್ಟರೆ ಕತ್ತಲ ಪರದೆಯ ಮೇಲೆ ರಂಗೋಲಿಯ ಹಾಗೆ ಪದರಗಳು ಮೂಡುತ್ತವೆ, ಅಂಚಿನಲ್ಲಿ ಕಣ್ಣುಗಳ ಹಾಗೆ ಐದು ದ್ವೀಪ. ಅವತ್ತು ಮೂಡಿದ ಐದು ಕಣ್ಣುಗಳಲ್ಲಿ ಒಂದು ಊದಿಕೊಂಡಿತ್ತು, ಎದುರಿನದು ಮುಚ್ಚಿಯೇ ಹೋಗಿತ್ತು.

ಲೆಕ್ಕ ಹಾಕುವ ವಿಜ್ಞಾನಿ ಒಬ್ಬಳು ಹುಡುಗಿ, ಯಾವಾಗಲೂ ಪೆನ್ನು ಜಡೆಯಲ್ಲಿ ಸಿಕ್ಕಿಸಿಕೊಂಡು ಓಡಾಡುವವಳು. ಅವಳು ಒಂದು ಸಂಜೆ ಕೂತು ಲೆಕ್ಕ ಮುಗಿಸಿ ಬಂದಳು.

"ಅಕ್ಕ, ಐದನೇ ಸುರುಳೀಲಿ ಕರೆಂಟು ಉಲ್ಟಾ ಹರಿದ್ರೆ ಸರಿಯಾಗಿ ಇದೇ ಚಿತ್ರ ಬರುತ್ತೆ. ಆದ್ರೆ ಕೇಬಲ್ ನೋಡಿದ್ವಿ, ನಕ್ಷೆಯ ಹಾಗೇ ಇದೆ" ಎಂದಳು.

ಸುರುಳಿಯಕ್ಕನ ಕೈ ಮೇಜಿನ ಮೇಲೆ ಇದ್ದಲ್ಲೇ ನಿಂತಿತು. ನಕ್ಷೆಯ ಹಾಗೇ ಇದೆಯೆಂದರೆ ಯಾರೋ ತಿರುಗಿಸಿದ್ದಾರೆ. ಅಟ್ಟ ಬಿಚ್ಚಿದ ವಾರ ಅಲ್ಲಿ ಕೈ ಹಾಕಿದವನು ಯಾರು ಎಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ತೊಟ್ಟಿಕ್ಕುವ ನಲ್ಲಿ, ಚಮಚ, ತಿರುಗಿದ ಮಣಿಕಟ್ಟು ಒಟ್ಟಿಗೇ ನೆನಪಾದವು.

ಅವಳು ಆಗಲೇ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. "ಐದನೇದಕ್ಕೆ ಯಾವಾಗ್ಲೂ ಮೈನಸ್ಸೇ ಒತ್ತೋದಮ್ಮ, ಮೊದಲಿಂದ್ಲೂ" ಎಂದಷ್ಟೇ ಹೇಳಿದಳು. ಹುಡುಗಿ ಜಡೆಯಿಂದ ಪೆನ್ನು ತೆಗೆದು ಅದನ್ನು ಬರೆದುಕೊಂಡಳು. ಮನೆಗೆ ಹೋಗಿಯೂ ಸುರುಳಿಯಕ್ಕ ಏನೂ ಆಡಲಿಲ್ಲ. ಆಡಬೇಕೆಂದರೆ ಕೂಗಬೇಕು; ಇಂಥದ್ದನ್ನು ಪಕ್ಕದ ಮನೆಗೆ ಕೇಳುವಂತೆ ಹೇಗೆ ಕೂಗುವುದು? ಇನ್ನೂ ಒಂದು ನಿಜವಿತ್ತು, ಅದು ಅವಳಿಗೇ ಅಸಹ್ಯವಾಗುವಂಥದ್ದು. ಅವರನ್ನು ಸ್ಟೋರಿಗೆ ಹಾಕಿದರೆ ಹಾಕಲಿ, ಕಿವಿಯ ಗೋಳಾದರೂ ಮುಗಿಯುತ್ತದೆ, ನನ್ನ ಮೇಜು ನನಗಿರುತ್ತದೆ ಎಂದು ಒಂದು ಗಳಿಗೆ ಅನಿಸಿಬಿಟ್ಟಿತ್ತು. ದಣಿದವರ ಮನಸ್ಸು ಯಾವ ಚರಂಡಿಗಾದರೂ ಇಳಿಯುತ್ತದೆ.

ಸಭೆ ಬೆಳಿಗ್ಗೆ ಇತ್ತು. ಉದ್ದನೆಯ ಮೇಜು, ತಣ್ಣಗಾದ ಟೀ, ಗೋಡೆಯ ಮೇಲೆ ಊದಿದ ಕಣ್ಣಿನ ಚಿತ್ರ. ಮೇಜಿನ ತುದಿಯಲ್ಲಿ ನಿರ್ದೇಶಕರು, ಅವರ ಪಕ್ಕ ಮುಖ್ಯ ಎಂಜಿನಿಯರ್. ಭಾವ ಒಗೆದ ಅಂಗಿ ಹಾಕಿಕೊಂಡು, ಬಲಕಿವಿ ಮುಂದೆ ಮಾಡಿ ಕೂತಿದ್ದ. ಸುರುಳಿಯಕ್ಕ ಎದುರು ಸಾಲಿನಲ್ಲಿ.

"ಕೇಬಲ್ ತಿರುಗಿಸಿದ್ದು ನೀವೇನಾ?" ಮುಖ್ಯ ಎಂಜಿನಿಯರ್ ಬಿಡಿಸಿ ಬಿಡಿಸಿ ಕೇಳಿದ.

"ಹೌದು ಸರ್. ನಕ್ಷೇಲಿ ಹಾಗೇ ಇತ್ತು."

"ತಿರುಗಿಸಿದ್ದು ತಪ್ಪಲ್ಲ ಭಾವ. ಮೇಜಿನವರಿಗೆ ಹೇಳಿದ್ರಾ? ಅದು ನಿಯಮ ತಾನೇ? ಹೇಳಿ, ತಿರುಗಿ ಹೇಳಿಸ್ಕೋಬೇಕು."

ಭಾವ ಹೆಂಡತಿಯ ಕಡೆ ನೋಡಲಿಲ್ಲ. ತನ್ನ ಕೈಗಳನ್ನು ನೋಡಿಕೊಂಡ.

"ಹೇಳ್ದೆ ಅಂತಲೇ ಅಂದ್ಕೊಂಡಿದ್ದೆ ಸರ್. ಮನೇಲಿ, ಊಟಕ್ಕೆ ಕೂತಾಗ. ಈಗ ಗೊತ್ತಾಗ್ತಿಲ್ಲ. ಹೇಳಿದ್ರೆ ಅವಳು ಮೈನಸ್ ಒತ್ತೋಳಲ್ಲ, ಕೆಲಸದಲ್ಲಿ ಅವಳು ಅಂಥೋಳಲ್ಲ. ಕಿವಿ ಹೋದ್ಮೇಲೆ ನನ್ನ ದನಿ ನನಗೇ ಕೇಳಿಸಲ್ಲ ಸರ್. ಬಾಯಲ್ಲಿ ಹೇಳಿದ್ನೋ, ಮನಸ್ಸಲ್ಲೇ ಹೇಳ್ಕೊಂಡ್ನೋ, ಅದೂ ಗೊತ್ತಾಗಲ್ಲ. ಹೇಳಿರಲಿಕ್ಕಿಲ್ಲ. ಬರ್ಕೊಳ್ಳಿ."

ಮುಖ್ಯ ಎಂಜಿನಿಯರ್ ನಿಟ್ಟುಸಿರು ಬಿಟ್ಟು ಪೆನ್ನು ಎತ್ತಿಕೊಂಡ. ಭಾವ ಸುಳ್ಳು ಹೇಳಿ ಕಾಪಾಡುತ್ತಿದ್ದರೆ ಸುರುಳಿಯಕ್ಕ ತಡೆದುಕೊಳ್ಳುತ್ತಿದ್ದಳೋ ಏನೋ. ಅವನು ನಿಜವಾಗಿಯೂ ನಂಬಿಬಿಟ್ಟಿದ್ದ. ವರ್ಷಗಟ್ಟಲೆ ಅವಳ ಹೂಂಗಳ ಮುಂದೆ ಮಾತಾಡಿ ಮಾತಾಡಿ, ತಾನು ಮಾತಾಡಿದ್ದೇ ಸುಳ್ಳಿರಬಹುದು ಎಂಬಲ್ಲಿಗೆ ಬಂದು ಮುಟ್ಟಿದ್ದ.

ಅವಳು ಎದ್ದು ನಿಂತಳು. "ಇವರು ಹೇಳಿದ್ರು ಸರ್."

"ಅವರೇ ಇಲ್ಲ ಅಂತಿದಾರಲ್ಲಮ್ಮ—"

"ಹೇಳಿದ್ರು. ಕೈಯಲ್ಲಿ ತೋರಿಸಿಯೂ ಹೇಳಿದ್ರು. ನಾನು ಹೂಂ ಅಂದೆ. ತಿರುಗಿ ಹೇಳಲಿಲ್ಲ, ಕೇಳಿಸ್ಕೊಂಡೇ ಇರಲಿಲ್ಲ. ಅವರ ಹೆಸರು ಬರೀಬೇಡಿ."

"ಹಾಗಂದ್ರೆ ಏನರ್ಥ ಗೊತ್ತಾ ನಿಮ್ಗೆ? ಆ ಮೇಜಿಗೆ ನಿಮ್ಮನ್ನ ಮತ್ತೆ ಕೂರಿಸೋಕಾಗಲ್ಲ."

"ಸ್ಟೋರಲ್ಲಿ ಕೂರ್ತೀನಿ ಸರ್. ಅಲ್ಲಿ ಮಾತೂ ಕಮ್ಮಿ. ಅವರನ್ನ ಹಾಲ್‌ನಲ್ಲಿ ಬಿಡಿ."

ಭಾವನಿಗೆ ಇದೊಂದೂ ಕೇಳಿಸಿರಲಿಲ್ಲ. ಎಲ್ಲರ ಮುಖ ಅತ್ತ ತಿರುಗಿದ್ದು ನೋಡಿ, ಹೆಂಡತಿ ಎದ್ದು ನಿಂತಿದ್ದು ನೋಡಿ ಗಾಬರಿಯಾದ. ಪಕ್ಕದಲ್ಲಿದ್ದ ಲೆಕ್ಕದ ಹುಡುಗಿಯ ತೋಳು ಮುಟ್ಟಿ, "ಏನಂತಿದಾಳಮ್ಮ?" ಎಂದು ಕೇಳಿದ. ಹುಡುಗಿ ಹೇಳಲು ಬಾಯಿ ತೆರೆದಳು.

"ನೀನು ಬೇಡಮ್ಮ, ನಾನೇ ಹೇಳ್ತೀನಿ" ಎಂದಳು ಸುರುಳಿಯಕ್ಕ. ಉದ್ದನೆಯ ಮೇಜನ್ನು ಸುತ್ತಿಕೊಂಡು ಬಂದು ಅವನ ಬಲಗಡೆ ನಿಂತಳು.

"ರೀ. ಅವತ್ತು ನೀವು ಹೇಳಿದ್ರಿ."

"ಏನು?"

"ನೀವು ಹೇಳಿದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ."

"ಜೋರಾಗಿ ಹೇಳೇ."

ಅವಳು ಬಗ್ಗಿದಳು. ಪಕ್ಕದ ಕೋಣೆಯ ಬಾಗಿಲು ತೆರೆದರೆ ತೆರೆಯಲಿ ಎಂದುಕೊಂಡು ಕೂಗಿದಳು. "ನೀವು ಹೇಳಿದ್ರಿ! ನಾನು ಕೇಳಿಸ್ಕೊಳ್ಳಲಿಲ್ಲ!"

ಭಾವ ಅವಳ ಮುಖವನ್ನೇ ನೋಡಿದ. ಆಮೇಲೆ ಹಾಲ್‌ನಲ್ಲಿ ಮೈಕಿನ ಮುಂದೆ ನಿಂತವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದೊಂದೇ ಪದವನ್ನು ತಿರುಗಿ ಒಪ್ಪಿಸಿದ.

"ನಾನು ಹೇಳ್ದೆ. ನೀನು ಕೇಳಿಸ್ಕೊಳ್ಳಲಿಲ್ಲ."

ನಿಯಮದಂತೆ ಅವಳ ಉತ್ತರಕ್ಕೆ ಕಾದು ಕೂತ.

"ಸರಿ" ಎಂದಳು ಅವಳು.